ಇಂಗ್ಲಿಷ್ ತರಗತಿಯೊಳಗಿನ ನಾಟಕ: ಪುಟ್ಟಿಯ ಪ್ರಶ್ನೆಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ನಿನ್ನೆ ರಾತ್ರಿ ನೀನು ಮನೆಯವರ ಗುಂಪಿನಲ್ಲಿ ಹಾಕಿದ್ದ ಪ್ರಶ್ನೆಯನ್ನು ಬೆಳಿಗ್ಗೆ ಎದ್ದ ಮೇಲೆ ಓದಿದೆ. ನೀನು ಇಂಗ್ಲಿಷ್ ಕಲಿಸುವ ಎಂಟನೆಯ ತರಗತಿಯ ಮಕ್ಕಳು ಪ್ರಶ್ನೋತ್ತರಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ, ಆದರೆ ಇಂಗ್ಲಿಷಿನಲ್ಲಿ ಒಂದು ಮಾತು ಕೇಳಿದರೆ ಎದ್ದು ನಿಂತು ನೆಲ ನೋಡುತ್ತಾರೆ. ತರಬೇತಿಯಲ್ಲಿ ಹೇಳಿಕೊಟ್ಟ ನಾಟಕದ ತಂತ್ರಗಳನ್ನು ಬಳಸಬಹುದೇ, ಬಳಸಿದರೆ ಪಾಠಗಳು ಹಿಂದುಳಿಯುತ್ತವೆಯೇ ಎಂದು ಕೇಳಿದ್ದೀಯೆ. ಅದರ ಕೆಳಗೆ ಅಣ್ಣ, ಮೊದಲು ವ್ಯಾಕರಣ ಗಟ್ಟಿಯಾಗಲಿ, ನಾಟಕವನ್ನು ವಾರ್ಷಿಕೋತ್ಸವಕ್ಕೆ ಇಟ್ಟುಕೊಂಡರೆ ಸಾಕು ಎಂದು ಬರೆದಿದ್ದಾರೆ. ಈ ಬೆಂಗಳೂರಿನಲ್ಲೇ 29 ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳಾದ ನಾನು ಇಬ್ಬರಿಗೂ ಉತ್ತರ ಹೇಳಬೇಕು. ಟೈಪ್ ಮಾಡಿದರೆ ಮುಗಿಯುವಂಥದ್ದಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ, ಬಿಡುವಾದಾಗ ಕೇಳು.

ಅಣ್ಣಾ, ನೀವು ಹೇಳುವ ವಾರ್ಷಿಕೋತ್ಸವದ ನಾಟಕದಿಂದಲೇ ನಾನೂ ಆರಂಭಿಸಿದ್ದೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ಹೆಸರಾಂತ ಇಂಗ್ಲಿಷ್ ನಾಟಕದ ನ್ಯಾಯಾಲಯದ ದೃಶ್ಯವನ್ನು ಹತ್ತನೆಯ ತರಗತಿಯ ಮಕ್ಕಳಿಂದ ಆಡಿಸಿದೆ. ಎರಡು ತಿಂಗಳು ಪ್ರತಿದಿನ ಸಂಜೆ ಅಭ್ಯಾಸ ನಡೆಯಿತು, ಮಾತುಗಳೆಲ್ಲ ಬಾಯಿಪಾಠವಾದವು, ಬಂದ ಅತಿಥಿಗಳು ಮೆಚ್ಚಿ ಹೋದರು. ಮರುದಿನ ನ್ಯಾಯವಾದಿಯ ಪಾತ್ರ ಮಾಡಿದ್ದ ಹುಡುಗ ತಡವಾಗಿ ಬಂದಾಗ, ಏಕೆ ತಡವಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಹಿಂದಿನ ಸಂಜೆ ಸಾವಿರ ಜನರೆದುರು ಹತ್ತು ನಿಮಿಷ ನಿರರ್ಗಳವಾಗಿ ಮಾತನಾಡಿದ್ದ ಆ ಹುಡುಗನಿಗೆ ಬಸ್ಸು ಸಿಗಲಿಲ್ಲ ಎಂದು ಹೇಳಲು ಮಾತು ಹೊರಡಲಿಲ್ಲ. ಅವನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಎರಡು ತಿಂಗಳಲ್ಲಿ ಒಂದು ಸಲವಾದರೂ ತನ್ನ ಮಾತನ್ನು ತಾನೇ ಕಟ್ಟುವ ಅವಕಾಶವನ್ನು ನಾನು ಅವನಿಗೆ ಕೊಟ್ಟಿರಲಿಲ್ಲ. ಅಂದಿನಿಂದ ನನಗೆ ಖಚಿತವಾದದ್ದು ಇಷ್ಟು: ಭಾಷೆ ಕಲಿಸುವ ನಾಟಕಕ್ಕೆ ವೇದಿಕೆ ಬೇಡ, ಪ್ರೇಕ್ಷಕರು ಬೇಡ, ಬರೆದಿಟ್ಟ ಸಂಭಾಷಣೆಯಂತೂ ಬೇಡವೇ ಬೇಡ. ಆಡಲೇಬೇಕಾದ ಒಂದು ಮಾತು, ಆ ಮಾತನ್ನು ಆಡಲು ಒಂದು ಪಾತ್ರ, ಇವೆರಡು ಬೇಕು.

ನಮ್ಮ ಊರಿನ ಮಕ್ಕಳ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡು. ಪುಸ್ತಕದಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಆದರೆ ಮನೆಯಲ್ಲಿ ತಮಿಳು, ತೆಲುಗು ಅಥವಾ ಉರ್ದು ಆಡಿ, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ ಕಲಿತು ಬರುವ ಹುಡುಗಿಗೆ ಅದು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಮೊದಲು ಕನ್ನಡ ಮಾಧ್ಯಮದಲ್ಲಿ ಐದನೆಯ ತರಗತಿಯಿಂದ ಇಂಗ್ಲಿಷ್ ಇತ್ತು. 2007-08ರಿಂದ ಒಂದನೆಯ ತರಗತಿಯಿಂದಲೇ ಬಂದಿತು. ಕಲಿಯುವ ವರ್ಷಗಳು ಹೆಚ್ಚಾದರೂ ಬಾಯಿ ಬಿಡದ ಮಕ್ಕಳನ್ನು ನಾನು ಕೊನೆಯ ವರ್ಷದವರೆಗೂ ಕಂಡೆ. ತರಗತಿಯಲ್ಲಿ ಇಂಗ್ಲಿಷ್ ಮಾತನಾಡಲು ಅವರಿಗೆ ಕಾರಣವೇ ಇರುವುದಿಲ್ಲ. ಉತ್ತರ ಗೊತ್ತಿರುವ ಶಿಕ್ಷಕಿ ಕೇಳುತ್ತಾಳೆ, ಉತ್ತರ ಗೊತ್ತಿರುವ ಮಗು ಹೇಳುತ್ತದೆ. ಅಲ್ಲಿ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ.

ನಾನು ಮೊದಲು ಮಾಡಿದ ಪ್ರಯೋಗ ಬಸ್ ಕಂಡಕ್ಟರ್ ಮತ್ತು ಪ್ರಯಾಣಿಕರ ಸಂಭಾಷಣೆಯದು. ಆಗ ಒಬ್ಬ ಹುಡುಗಿ ಎದ್ದು, ಮಿಸ್, ಕಂಡಕ್ಟರ್ ಹತ್ತಿರ ಇಂಗ್ಲಿಷಿನಲ್ಲಿ ಏಕೆ ಮಾತನಾಡಬೇಕು, ಅವರಿಗೆ ಕನ್ನಡ ಬರುತ್ತದಲ್ಲ ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಇಂದಿಗೂ ಋಣಿ. ಮಕ್ಕಳಿಗೆ ಸುಳ್ಳೆನಿಸುವ ಸನ್ನಿವೇಶದಲ್ಲಿ ಮಾತು ಹುಟ್ಟುವುದಿಲ್ಲ. ಮೆಟ್ರೊದ ಹಸಿರು ಮಾರ್ಗವೂ ನೇರಳೆ ಮಾರ್ಗವೂ ಮೆಜೆಸ್ಟಿಕ್‌ನಲ್ಲಿ ಕೂಡಿಕೊಂಡ 2017ರ ನಂತರ ಸನ್ನಿವೇಶವನ್ನು ಬದಲಿಸಿದೆ. ಕನ್ನಡ ಬಾರದ ಒಬ್ಬ ಅಜ್ಜಿ ದೂರದ ಊರಿನಿಂದ ಬಂದು ಬೈಯಪ್ಪನಹಳ್ಳಿ ನಿಲ್ದಾಣದಲ್ಲಿ ನಿಂತಿದ್ದಾಳೆ, ಬನಶಂಕರಿಯಲ್ಲಿರುವ ಮಗನ ಮನೆಗೆ ಹೋಗಬೇಕು, ಅವಳಿಗೆ ಮೊಣಕಾಲು ನೋವು, ಫೋನಿನ ಚಾರ್ಜ್ ಮುಗಿದಿದೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಜ್ಜಿಯಾಗುವವಳಿಗೆ ಕೊಟ್ಟೆ. ನಿಲ್ದಾಣದ ಸಿಬ್ಬಂದಿಯಾಗುವವಳ ಚೀಟಿಯಲ್ಲಿ, ಮೆಜೆಸ್ಟಿಕ್‌ನಲ್ಲಿ ಇಳಿದು ರೈಲು ಬದಲಿಸಬೇಕು, ಅಲ್ಲಿ ಎಸ್ಕಲೇಟರ್ ಕೆಟ್ಟಿದೆ, ಲಿಫ್ಟ್ ಇರುವುದು ಇನ್ನೊಂದು ತುದಿಯಲ್ಲಿ ಎಂದಿತ್ತು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡುವಂತಿಲ್ಲ. ಅಜ್ಜಿಗೆ ಮೊಣಕಾಲು ನೋವಿದೆ ಎಂಬುದು ಸಿಬ್ಬಂದಿಗೆ ಗೊತ್ತಿಲ್ಲ, ಎಸ್ಕಲೇಟರ್ ಕೆಟ್ಟಿರುವುದು ಅಜ್ಜಿಗೆ ಗೊತ್ತಿಲ್ಲ. ಕೇಳದೆ, ಹೇಳದೆ ಇಬ್ಬರಿಗೂ ವಿಧಿಯಿಲ್ಲ. ಈ ಗೊತ್ತಿಲ್ಲದಿರುವಿಕೆಯೇ ತಂತ್ರದ ಜೀವ. ಚೀಟಿ ಬರೆಯುವಾಗ ನಿನ್ನ ಶ್ರಮವೆಲ್ಲ ಅದಕ್ಕೇ ಹೋಗಲಿ.

ಆ ಆಟದಲ್ಲಿ ನಾನು ನಿರೀಕ್ಷಿಸದೆ ಇದ್ದ ಒಂದು ವಿಷಯ ಹೊರಬಿದ್ದಿತು. ಅಜ್ಜಿಯ ಪಾತ್ರದವಳು ಸಿಬ್ಬಂದಿಗೆ, ಟೆಲ್ ಮೀ ದಿ ವೇ, ಎಂದಳು. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡದಲ್ಲಿ ದಾರಿ ಹೇಳಿ ಎನ್ನುವಾಗ ಆ ಕ್ರಿಯಾಪದದ ಕೊನೆಯ 'ಇ'ಯಲ್ಲೇ ಮರ್ಯಾದೆ ಕೂತಿರುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲವಿಲ್ಲ, ಅಲ್ಲಿ ಮರ್ಯಾದೆ ವಾಕ್ಯದ ಆರಂಭಕ್ಕೆ ಬಂದು ಕುಡ್ ಯು, ವುಡ್ ಯು ಆಗುತ್ತದೆ. ಸಿಬ್ಬಂದಿಯಾಗಿದ್ದವಳು ಮುಖ ಗಂಟಿಕ್ಕಿದ್ದನ್ನು ಕಂಡ ಮೇಲೆ ಈ ವ್ಯತ್ಯಾಸವನ್ನು ನಾನು ಎರಡು ನಿಮಿಷದಲ್ಲಿ ವಿವರಿಸಿದೆ, ಯಾರೂ ಮರೆಯಲಿಲ್ಲ. ಅದೇ ಪಾಠವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದೆ.

ಉಚ್ಚಾರಣೆಯ ಒತ್ತಿನ ವಿಷಯವೂ ಹೀಗೆಯೇ. ಇದನ್ನು ನೀನು ನಾಳೆಯೇ ಮಾಡಿ ನೋಡಬಹುದು. ಐ ಡಿಡ್ ನಾಟ್ ಟೇಕ್ ಯುವರ್ ಪೆನ್ ಎಂಬ ಒಂದೇ ವಾಕ್ಯವನ್ನು ಜಗಳವಾಡುವ ಇಬ್ಬರು ಗೆಳೆಯರಿಗೆ ಕೊಡು. ಐ ಮೇಲೆ ಒತ್ತು ಬಿದ್ದರೆ, ತೆಗೆದುಕೊಂಡವನು ನಾನಲ್ಲ, ಬೇರೆ ಯಾರೋ ಎಂದಾಯಿತು. ಟೇಕ್ ಮೇಲೆ ಬಿದ್ದರೆ, ತೆಗೆದುಕೊಳ್ಳಲಿಲ್ಲ, ಮುಟ್ಟಿ ನೋಡಿದೆ ಅಷ್ಟೆ. ಯುವರ್ ಮೇಲೆ ಬಿದ್ದರೆ, ತೆಗೆದುಕೊಂಡದ್ದು ನಿನ್ನದಲ್ಲ, ಇನ್ನೊಬ್ಬರದು. ಪೆನ್ ಮೇಲೆ ಬಿದ್ದರೆ, ಅದು ಪೆನ್ನಲ್ಲ, ಪೆನ್ಸಿಲ್ಲು. ಕನ್ನಡದಲ್ಲಿ ನಾವು ನಾನೇ, ನಿನ್ನದನ್ನೇ, ಪೆನ್ನನ್ನೇ ಎಂದು ಒಂದು 'ಏ' ಅಂಟಿಸಿ ಮಾಡುವ ಕೆಲಸವನ್ನು ಇಂಗ್ಲಿಷ್ ಬರಿಯ ದನಿಯಿಂದ ಮಾಡುತ್ತದೆ. ನಮ್ಮ ಮಕ್ಕಳು ಇಂಗ್ಲಿಷ್ ವಾಕ್ಯದ ಎಲ್ಲ ಪದಗಳನ್ನೂ ಒಂದೇ ತೂಕದಲ್ಲಿ ಉಚ್ಚರಿಸುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನಿಸುತ್ತದೆ. ಜಗಳದ ಪಾತ್ರಕ್ಕೆ ಇಳಿದ ಕೂಡಲೇ ದನಿ ತಾನಾಗಿ ಏರಿಳಿಯುತ್ತದೆ.

ಪ್ರಶ್ನೆ ಕೇಳುವುದನ್ನು ಕಲಿಸಲು ಹಾಟ್ ಸೀಟ್ ಎನ್ನುವ ತಂತ್ರವಿದೆ. ಪಾಠದಲ್ಲಿ ಬರುವ ಒಬ್ಬ ವ್ಯಕ್ತಿಯಾಗಿ ಒಂದು ಮಗು ಮುಂದಿನ ಕುರ್ಚಿಯಲ್ಲಿ ಕೂರುತ್ತದೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಬಂದೆ ಎಂಬುದಕ್ಕೆ ಕೊನೆಯಲ್ಲಿ 'ಆ' ಸೇರಿಸಿದರೆ ಕನ್ನಡದಲ್ಲಿ ಪ್ರಶ್ನೆ ಸಿದ್ಧ. ಇಂಗ್ಲಿಷಿನಲ್ಲಿ ಡು, ಡಸ್, ಡಿಡ್ ಎಂಬುದನ್ನು ಎಲ್ಲಿಂದಲೋ ಕರೆತಂದು ಮುಂದೆ ನಿಲ್ಲಿಸಬೇಕು, ಡಿಡ್ ಬಂದರೆ ಕ್ರಿಯಾಪದವನ್ನು ಮೂಲರೂಪಕ್ಕೆ ತರಬೇಕು. ವೈ ಯು ವೆಂಟ್ ಎಂದು ಕೇಳುವ ಮಗುವಿಗೆ ಈ ನಿಯಮ ಗೊತ್ತಿಲ್ಲವೆಂದಲ್ಲ, ಪ್ರಶ್ನೆ ಕೇಳುವ ಸರದಿಯೇ ಅದಕ್ಕೆ ಸಿಕ್ಕಿಲ್ಲ. ಶಾಲೆಯಲ್ಲಿ ಪ್ರಶ್ನೆಗಳೆಲ್ಲ ನಮ್ಮವೇ ಆಗಿರುತ್ತವೆ.

ಇನ್ನು ನೀನೇ ಪಾತ್ರವಾಗುವ ತಂತ್ರ. ಇದನ್ನು ಬೆಳೆಸಿದವರು ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್. 1926ರಲ್ಲಿ ಹುಟ್ಟಿ, 14ನೆಯ ವಯಸ್ಸಿಗೆ ಉಣ್ಣೆಯ ಗಿರಣಿಯಲ್ಲಿ ನೇಯ್ಗೆಗೆ ಸೇರಿದ ಆಕೆ ಮುಂದೆ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಿಗೇ ಪಾಠ ಹೇಳಿದರು. ಬಿನ್ನಿ ಬಟ್ಟೆ ಮಿಲ್ಲಿನ ಸೈರನ್ ಕೂಗು ಕೇಳಿ ಗಂಟೆ ಲೆಕ್ಕ ಹಾಕಿದ ಮನೆಯವರಾದ ನಮಗೆ ಆಕೆಯ ಈ ಕಥೆ ಹತ್ತಿರದ್ದು. ಶಿಕ್ಷಕಿ ಎಲ್ಲ ಬಲ್ಲವಳಾಗಿ ನಿಲ್ಲದೆ, ಏನೂ ತಿಳಿಯದ, ಮಕ್ಕಳ ಸಹಾಯ ಬೇಕಾದ ಪಾತ್ರವಾಗಿ ತರಗತಿಗೆ ಬರಬೇಕು, ತಜ್ಞರ ಸ್ಥಾನವನ್ನು ಮಕ್ಕಳಿಗೆ ಬಿಟ್ಟುಕೊಡಬೇಕು ಎಂಬುದು ಆಕೆಯ ವಿಧಾನದ ತಿರುಳು. ನಾನು ಒಂದು ಶಾಲನ್ನು ಹೊದ್ದು, ಕೆರೆ ಬತ್ತುತ್ತಿರುವ ಊರಿನವಳಾಗಿ ಒಳಗೆ ಬರುತ್ತಿದ್ದೆ. ಮಕ್ಕಳು ಕೆರೆಯ ತಜ್ಞರು. ನನ್ನ ಊರಿನ ಕೆರೆಯನ್ನು ಉಳಿಸುವುದು ಹೇಗೆಂದು ಅವರು ನನಗೆ ವಿವರಿಸಬೇಕಿತ್ತು. ಶಾಲು ತೆಗೆದರೆ ಮತ್ತೆ ಮಿಸ್. ಪಾತ್ರ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದು ಮಕ್ಕಳಿಗೆ ಸ್ಪಷ್ಟವಾಗಿರಲೇಬೇಕು, ಇಲ್ಲವಾದರೆ ಅವರು ಗೊಂದಲಗೊಳ್ಳುತ್ತಾರೆ.

ಅಣ್ಣಾ, ವ್ಯಾಕರಣ ಮೊದಲು ಎಂಬ ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಆ ಕ್ರಮವನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ಭಾಷಾಶಿಕ್ಷಣದ ಜಗತ್ತಿನಲ್ಲೆಲ್ಲ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರು. ಮಕ್ಕಳ ಮನಸ್ಸು ಅರ್ಥದ ಮೇಲೆ, ಬಿಡಿಸಬೇಕಾದ ಸಮಸ್ಯೆಯ ಮೇಲೆ ಇರುವಾಗಲೇ ವ್ಯಾಕರಣ ಒಳಗಿಳಿಯುತ್ತದೆ ಎಂಬ ನಂಬಿಕೆಯಿಂದ ಅಲ್ಲಿ ರೈಲಿನ ವೇಳಾಪಟ್ಟಿ, ನಕಾಶೆಗಳಂಥ ಕೆಲಸಗಳನ್ನು ಕೊಟ್ಟು ಕಲಿಸಿದರು. ಅಲ್ಲಿದ್ದದ್ದು ನಾಟಕವೆಂದು ನಾನು ಹೇಳುವುದಿಲ್ಲ. ಆದರೆ ಅಜ್ಜಿಯನ್ನು ಬನಶಂಕರಿಗೆ ಮುಟ್ಟಿಸುವ ಯೋಚನೆಯಲ್ಲಿರುವ ಹುಡುಗಿಗೆ ಆಗುವುದೂ ಅದೇ. ವ್ಯಾಕರಣವನ್ನು ನಾನು ಎಂದೂ ಕೈಬಿಟ್ಟಿಲ್ಲ. ಅದರ ಜಾಗವನ್ನು ಮಾತ್ರ ಬದಲಿಸಿದೆ. ಆಟ ನಡೆಯುವಾಗ ಮಧ್ಯೆ ತಿದ್ದುವುದಿಲ್ಲ. ಸಾಲುಗಳ ನಡುವೆ ಓಡಾಡುತ್ತಾ ಕಿವಿಗೆ ಬಿದ್ದ ತಪ್ಪುಗಳನ್ನು ಬರೆದುಕೊಂಡು, ಹೆಚ್ಚು ಮಂದಿ ಮಾಡಿದ ಮೂರನ್ನು ಮಾತ್ರ, ಯಾರದೆಂದು ಹೇಳದೆ, ಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ತಿದ್ದುತ್ತೇವೆ. ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಿ ಅದೇ ದೃಶ್ಯವನ್ನು ಮತ್ತೊಮ್ಮೆ ಆಡಿಸಬೇಕು. ಪುಟ್ಟಿ, ಈ ಎರಡನೆಯ ಸುತ್ತನ್ನು ಸಮಯವಿಲ್ಲವೆಂದು ಬಿಡಬೇಡ. ತಿದ್ದಿದ್ದು ನಾಲಿಗೆಗೆ ಹತ್ತುವುದು ಆಗಲೇ.

ಅರವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಆಗುವುದೇ ಎಂದು ನೀನು ಕೇಳುತ್ತೀಯೆ. ಇಬ್ಬರನ್ನು ಮುಂದೆ ಕರೆದು ಉಳಿದವರನ್ನು ನೋಡಲು ಕೂರಿಸಿದರೆ ಆಗುವುದಿಲ್ಲ, ಅಷ್ಟೇ ಅಲ್ಲ, ಕರೆಸಿಕೊಂಡವರು ಹೆದರುತ್ತಾರೆ. ಮೂವತ್ತು ಜೋಡಿಗಳೂ ಒಂದೇ ಸಮಯದಲ್ಲಿ, ಇದ್ದ ಬೆಂಚಿನಲ್ಲೇ ಆಡಲಿ. ಯಾರೂ ಯಾರನ್ನೂ ನೋಡುತ್ತಿರುವುದಿಲ್ಲವಾದ್ದರಿಂದ ಅಂಜಿಕೆ ಅರ್ಧ ಕರಗುತ್ತದೆ. ಕೈ ಎತ್ತಿದರೆ ಎಲ್ಲರೂ ಇದ್ದಂತೆ ಸ್ತಬ್ಧವಾಗಬೇಕೆಂಬ ಒಂದು ನಿಯಮವನ್ನು ಮೊದಲ ವಾರವೇ ರೂಢಿ ಮಾಡಿಸು. ಮಾತೇ ಬಾರದವರಿಗೆ ಸ್ತಬ್ಧಚಿತ್ರದಿಂದ ಆರಂಭಿಸು: ನಾಲ್ವರು ಸೇರಿ ಪಾಠದ ಒಂದು ಕ್ಷಣವನ್ನು ಮೈಯಿಂದ ಕಟ್ಟಿ ನಿಲ್ಲಲಿ, ನೀನು ಭುಜ ಮುಟ್ಟಿದಾಗ ಆ ಪಾತ್ರದ ಮನಸ್ಸಿನ ಒಂದೇ ಮಾತನ್ನು ಹೇಳಲಿ. ಗುಂಪಿನಲ್ಲಿ ಯೋಜನೆ ಹಾಕುವಾಗ ಕನ್ನಡ ಆಡಿದರೆ ಗದರಬೇಡ. ಸದ್ದಾಗುತ್ತದೆ; ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಡು. ನನ್ನನ್ನು ಒಬ್ಬ ಮುಖ್ಯೋಪಾಧ್ಯಾಯರು ಎಲ್ಲ ಮಕ್ಕಳ ಎದುರು, ಪಾಠ ಬಿಟ್ಟು ಆಟ ಆಡಿಸುತ್ತೀರಿ ಎಂದು ಗದರಿದ್ದರು. ಆ ನೋವು ಬಹಳ ದಿನ ಇತ್ತು. ನಂತರ ಪ್ರತಿ ಆಟದ ಕೊನೆಗೂ ಬರವಣಿಗೆ ಇಟ್ಟೆ: ಅಜ್ಜಿಯಾಗಿ ಮಗನಿಗೊಂದು ಪತ್ರ, ಕೆರೆಯ ತಜ್ಞರಾಗಿ ಅಧಿಕಾರಿಗೊಂದು ಮನವಿ. ನಾಟಕದಿಂದ ಕಾಗುಣಿತ ಬರುವುದಿಲ್ಲ, ಸ್ಪೆಲ್ಲಿಂಗ್ ಬರುವುದಿಲ್ಲ, ಅದಕ್ಕೆ ಬೇರೆ ಅಭ್ಯಾಸ ಬೇಕೇ ಬೇಕು. ಆದರೆ ಪತ್ರದಲ್ಲಿ ಬರೆಯಲು ಮಕ್ಕಳ ಬಳಿ ವಿಷಯವಿರುತ್ತದೆ, ಮತ್ತು ಪತ್ರಲೇಖನ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ಬರುತ್ತದೆ. ನಿನ್ನ ಮುಖ್ಯೋಪಾಧ್ಯಾಯರಿಗೆ ಆ ಪತ್ರಗಳನ್ನೇ ತೋರಿಸು.

ಮೆಟ್ರೊ ಆಟದ ದಿನದ ಒಂದು ಮಾತನ್ನು ಹೇಳದೆ ಇರಲಾರೆ. ಮನೆಯಲ್ಲಿ ತೆಲುಗು ಆಡುವ, ಇಡೀ ವರ್ಷ ಹಾಜರಿಗೆ ಮಾತ್ರ ಬಾಯಿ ತೆರೆಯುತ್ತಿದ್ದ ಒಬ್ಬ ಹುಡುಗಿ ಸಿಬ್ಬಂದಿಯ ಚೀಟಿ ಹಿಡಿದಿದ್ದಳು. ಎದುರಿನ ಅಜ್ಜಿ ಅಳುವಂತೆ ನಟಿಸಿದಾಗ ಅವಳು ಎದ್ದು ಅಜ್ಜಿಯ ಕೈ ಹಿಡಿದು, ಡೋಂಟ್ ಕ್ರೈ ಅಜ್ಜಿ, ಐ ಕಮ್ ವಿತ್ ಯು, ಎಂದಳು. ಚೀಟಿಯಲ್ಲಿ ಹಾಗೆ ಇರಲಿಲ್ಲ. ಐ ವಿಲ್ ಕಮ್ ಎನ್ನಬೇಕಿತ್ತು ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ, ಅಂದು ಹಲಗೆಯ ಮೇಲೆ ಬರೆಯಲಿಲ್ಲ.

ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗೆ ನಿನ್ನ ಹೆಸರು ಬಂದರೆ ತಪ್ಪಿಸಬೇಡ. 1963ರಿಂದ ಇರುವ ಸಂಸ್ಥೆ ಅದು, ಅಲ್ಲಿ ನಿನ್ನಂಥ ಶಿಕ್ಷಕರೊಂದಿಗೆ ಕೂತು ಮಾತನಾಡುವುದೇ ದೊಡ್ಡ ಲಾಭ. ನನ್ನ ಹಳೆಯ ಪಾತ್ರದ ಚೀಟಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇವೆ. ಭಾನುವಾರ ತಮ್ಮನನ್ನು ಕಳಿಸು, ಕೊಟ್ಟು ಕಳಿಸುತ್ತೇನೆ. ಮೆಟ್ರೊದ ಚೀಟಿಗಳನ್ನು ಮಾತ್ರ ಬಳಸುವ ಮೊದಲು ಒಮ್ಮೆ ನೋಡಿಕೊ, ಈಗ ಹೊಸ ಮಾರ್ಗಗಳು ಬಂದಿವೆ.