ಹಾಡಿದ್ದೋ, ಹೇಳಿದ್ದೋ, ಓದಿದ್ದೋ: ಪುಟ್ಟಿಯ ಪ್ರಶ್ನೆಗೆ ಚಿಕ್ಕಮ್ಮನ ಉತ್ತರ

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಕಣದಲ್ಲಿ ಕಾಫಿ ಹರಡುವ ಕೆಲಸ ಇತ್ತು, ಈಗಷ್ಟೇ ಕೈಕಾಲು ತೊಳೆದು ಕೂತೆ. ಟೈಪ್ ಮಾಡಲು ಹೋದರೆ ರಾತ್ರಿಯಾಗುತ್ತದೆ, ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಈ ಗುಂಪಿನಲ್ಲಿರುವ ಬೇರೆಯವರು ಬೇಕಾದರೆ ನಿಧಾನಕ್ಕೆ ಕೇಳಿ.

ನೀನು ಕೇಳಿದ್ದು ಇಷ್ಟು. ಪರೀಕ್ಷೆಗೆ ಸಾಹಿತ್ಯ ಪ್ರಕಾರಗಳು ಅಂತ ಒಂದು ಪಾಠ ಇದೆ. ಕಂದ, ಷಟ್ಪದಿ, ರಗಳೆ, ವಚನ, ಭಾವಗೀತೆ, ಸುನೀತ ಎಲ್ಲ ಒಂದರೊಳಗೊಂದು ಕಲಸಿಹೋಗುತ್ತಿದೆ. ಸಣ್ಣಕಥೆಯ ಅಂಶಗಳನ್ನು ಎಷ್ಟು ಸಲ ಬರೆದರೂ ಮಾರನೇ ದಿನ ಮರೆತುಹೋಗುತ್ತದೆ. ಅದಕ್ಕೆ ನಮ್ಮ ಭಾವ ಇದೇ ಗುಂಪಿನಲ್ಲಿ, ಗೈಡಿನಲ್ಲಿ ಇರುವುದನ್ನು ಬಾಯಿಪಾಠ ಮಾಡು, ಮಾರ್ಕ್ಸ್ ಬರುತ್ತದೆ ಅಂದರು. ಭಾವ, ನಿಮ್ಮ ಮಾತನ್ನು ತೆಗೆದುಹಾಕುತ್ತಿಲ್ಲ. ಆದರೆ ಬಾಯಿಪಾಠ ಮಾಡಿದ ವ್ಯಾಖ್ಯಾನ ಹಾಲ್‌ನಲ್ಲಿ ಒಂದು ಪದ ತಪ್ಪಿದರೆ ಪೂರ್ತಿ ಬಿದ್ದುಹೋಗುತ್ತದೆ. ಇದಕ್ಕೆ ಬೇರೆ ದಾರಿ ಇದೆ.

ಯಾವ ಪ್ರಕಾರದ ಹೆಸರು ಬಂದರೂ ಮೊದಲು ಒಂದೇ ಪ್ರಶ್ನೆ ಕೇಳಿಕೋ. ಇದು ಜನರಿಗೆ ಹೇಗೆ ತಲುಪಿತು? ಹಾಡಿದರಾ, ಯಾರದೋ ಎದುರು ನಿಂತು ಹೇಳಿದರಾ, ಆಡಿ ತೋರಿಸಿದರಾ, ಅಥವಾ ಒಬ್ಬರೇ ಕೂತು ಓದಿದರಾ? ಒಂದು ಬರಹದ ಆಕಾರ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಯಾರೋ ಪಂಡಿತರು ಕೂತು ನಿಯಮ ಬರೆದು, ಆಮೇಲೆ ಕವಿಗಳು ಅದಕ್ಕೆ ತಕ್ಕಂತೆ ಬರೆದದ್ದಲ್ಲ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯನ್ನೇ ತೆಗೆದುಕೋ. ದುಡಿ ಅನ್ನುವ ಚಿಕ್ಕ ಚರ್ಮವಾದ್ಯ ಹಿಡಿದು ನಾಲ್ಕು ಜನ ಬಾಳೋಪಾಟ್ ಅನ್ನುವ ಜನಪದ ಹಾಡು ಹಾಡುತ್ತಾರಲ್ಲ, ಯಾವತ್ತಾದರೂ ಸರಿಯಾಗಿ ಗಮನಿಸಿದ್ದೀಯಾ? ಇಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದಿಬ್ಬರು ಅದನ್ನೇ ಹಿಡಿಯುತ್ತಾರೆ. ಹಾಗಾಗಿ ಸಾಲು ಚಿಕ್ಕದಿರಬೇಕು, ದುಡಿಯ ಏಟಿಗೆ ಕೂರಬೇಕು, ಒಂದೇ ಮಾತು ಮತ್ತೆ ಮತ್ತೆ ಬರಬೇಕು. ಹಾಡುವವನಿಗೆ ಉಸಿರು ಬೇಕು, ಮುಂದಿನ ಸಾಲು ನೆನಪಾಗಲು ಒಂದು ಗಳಿಗೆ ಬೇಕು. ಮೌಖಿಕ ಸಾಹಿತ್ಯದ ಲಕ್ಷಣ ಬರೆಯಿರಿ ಅಂತ ಪ್ರಶ್ನೆ ಬಂದರೆ ಇದನ್ನೇ ಬರೆ. ನಡಿಕೇರಿಯಂಡ ಚಿಣ್ಣಪ್ಪ ಅವರು ಇಂಥ ಹಾಡುಗಳನ್ನೆಲ್ಲ ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಹಾಡುಗಳ ಭಾಷೆ ಕೊಡವ, ಲಿಪಿ ಕನ್ನಡ. ಅವರು ಆ ಕೆಲಸ ಮಾಡದಿದ್ದರೆ ಎಷ್ಟು ಹಾಡು ಹೇಳುವವರ ಜೊತೆಯೇ ಹೋಗಿಬಿಡುತ್ತಿತ್ತೋ! ಹರದಾಸ ಅಪ್ಪಚ್ಚ ಕವಿಯ ನಾಟಕಗಳೂ ಕೊಡವದಲ್ಲೇ ಇವೆ, ಅದರಲ್ಲೂ ತುಂಬ ಹಾಡು. ಆಗ ನಾಟಕ ನೋಡಲು ಬರುವವರು ಹಾಡು ಕೇಳಲೆಂದೇ ಬರುತ್ತಿದ್ದರು. ಆಡಿ ತೋರಿಸುವ ಪ್ರಕಾರ ಅಂದರೆ ನಾಟಕ, ಅಲ್ಲಿ ಕವಿ ನೇರವಾಗಿ ಏನೂ ಹೇಳುವ ಹಾಗಿಲ್ಲ, ಎಲ್ಲ ಪಾತ್ರದ ಬಾಯಲ್ಲೇ ಬರಬೇಕು.

ಈಗ ಷಟ್ಪದಿ, ಅಂದರೆ ಆರು ಸಾಲಿನ ಪದ್ಯ. ನಿನಗೆ ಕಷ್ಟ ಆಗಿರುವುದು ಇದೇ ಅಂತ ಕಾಣುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪಂಜೆ ಮಂಗೇಶರಾಯರ 'ಹುತ್ತರಿ ಹಾಡು' ನಿನಗೆ ಬರುತ್ತದಲ್ಲ. ಹುತ್ತರಿ ಅಂದರೂ ಪುತ್ತರಿಯೇ. ಅವರು ಮಡಿಕೇರಿಯಲ್ಲಿ ಹೆಡ್‌ಮಾಸ್ತರಾಗಿದ್ದವರು. ಮೊದಲ ಸಾಲನ್ನು ಜೋರಾಗಿ ಹೇಳು, ಹಾಡಬೇಡ, ಸುಮ್ನೆ ಹೇಳು. 'ಎಲ್ಲಿ ಭೂರಮೆ ದೇವ ಸನ್ನಿಧಿ ಬಯಸಿ ಬಿಮ್ಮನೆ ಬಂದಳೋ'. ಈಗ ಮೇಜಿನ ಮೇಲೆ ಬೆರಳು ಬಡಿ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯೇ ಮಾತ್ರೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ ಎರಡು, ಅದು ಗುರು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು, ಸೊನ್ನೆ ಇರುವ ಅಕ್ಷರವೂ ಗುರು. ಎಲ್ಲಿ: 'ಎ' ಗುರು ಎರಡು, 'ಲ್ಲಿ' ಒಂದು, ಒಟ್ಟು ಮೂರು. ಭೂರಮೆ: ಎರಡು, ಒಂದು, ಒಂದು, ಒಟ್ಟು ನಾಲ್ಕು. ದೇವ ಮೂರು. ಸನ್ನಿಧಿ ನಾಲ್ಕು. ಬಯಸಿ ಮೂರು. ಬಿಮ್ಮನೆ ನಾಲ್ಕು. ಬಂದ ಮೂರು, ಕೊನೆಗೆ ಒಂದು ಗುರು, 'ಳೋ'. ಮೂರು ನಾಲ್ಕು, ಮೂರು ನಾಲ್ಕು. ಗೊತ್ತಾಯಿತಾ ಹೆಜ್ಜೆ?

ಭಾಮಿನಿ ಷಟ್ಪದಿಯ ಹೆಜ್ಜೆಯೂ ಇದೇ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು-ನಾಲ್ಕು ಎರಡು ಸಲ ಬರುತ್ತದೆ, ಅಂದರೆ 14 ಮಾತ್ರೆ. ಮೂರನೆಯದು ಮತ್ತು ಆರನೆಯದು ಉದ್ದ. ಅಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೆ ಒಂದು ಗುರು, ಒಟ್ಟು 23. ಪಂಜೆಯವರ ಹಾಡು ಷಟ್ಪದಿಯಲ್ಲ, ಆ ತಪ್ಪು ಬರೆಯಬೇಡ. ಸಾಲಿನ ನಡಿಗೆ ಮಾತ್ರ ಅದೇ ಜಾತಿಯದು. ಕುಮಾರವ್ಯಾಸ ತನ್ನ ಭಾರತವನ್ನು ಪೂರ್ತಿ ಈ ಭಾಮಿನಿಯಲ್ಲೇ ಬರೆದ. ಯಾಕೆ ಅಂತ ಯೋಚಿಸು. ಊರ ಚಾವಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಒಬ್ಬರು ರಾಗವಾಗಿ ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು, ಓದು ಬಾರದವರೂ ಕೂತು ಕೇಳಬೇಕು. ಎರಡು ಚಿಕ್ಕ ಸಾಲಿನಲ್ಲಿ ಕಥೆ ಓಡುತ್ತದೆ, ಮೂರನೆಯ ಉದ್ದ ಸಾಲಿನಲ್ಲಿ ತುಸು ನಿಂತು ಉಸಿರು ಬಿಡುತ್ತದೆ. ಸಂಪಾಜೆ ಕಡೆ ಯಕ್ಷಗಾನದ ಆಟ ನೋಡಲು ಹೋದಾಗ ಹಾಡುವ ಭಾಗವತರು ಭಾಮಿನಿ ಎತ್ತುವುದನ್ನು ಕೇಳಿದ್ದೀಯಲ್ಲ, ಅದು ಇದೇ. ಷಟ್ಪದಿಯಲ್ಲಿ ಆರು ಬಗೆ: ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಭಾಮಿನಿಯನ್ನು ಕಿವಿಗೆ ಹತ್ತಿಸಿಕೊಂಡು ವಾರ್ಧಕ ಓದು. ಅದು ಐದೈದು ಮಾತ್ರೆಯದು, ರಾಘವಾಂಕನ ಹರಿಶ್ಚಂದ್ರ ಕಾವ್ಯ ಅದರಲ್ಲೇ ಇದೆ. ವ್ಯತ್ಯಾಸ ತಾನಾಗಿ ಕೇಳಿಸುತ್ತದೆ.

ಕಂದಪದ್ಯ ಅರಮನೆಯ ಕಡೆಯದು. ಪಂಪ, ರನ್ನರ ಚಂಪೂ ಕಾವ್ಯಗಳಲ್ಲಿ ಗದ್ಯದ ಮಧ್ಯೆ ವೃತ್ತ, ಕಂದ ಅನ್ನುವ ಪದ್ಯಗಳು ಬರುತ್ತವೆ. ಕಂದದಲ್ಲಿ ನಾಲ್ಕು ಮಾತ್ರೆಯ ಗಣಗಳು, ಅಂದರೆ ಗುಂಪುಗಳು, ಮೊದಲ ಮತ್ತು ಮೂರನೇ ಸಾಲಿಗೆ ಮೂರು, ಎರಡು ಮತ್ತು ನಾಲ್ಕನೇ ಸಾಲಿಗೆ ಐದು. ಮಾತ್ರೆ ಲೆಕ್ಕದಲ್ಲಿ 12, 20, 12, 20. ಕೇಳುವವರು ಓದಿ ತಿಳಿದವರು, ಹಾಗಾಗಿ ಕವಿಗೆ ಬಿಗಿಯಾಗಿ ಕಟ್ಟುವ ಧೈರ್ಯ. ರಗಳೆಗೆ ಇಷ್ಟೇ ಸಾಲು ಅಂತ ಕಟ್ಟಿಲ್ಲ, ಶರಣರ ಕಥೆ ಹೇಳಲು ಹರಿಹರನಿಗೆ ಅದು ಒದಗಿತು. ತ್ರಿಪದಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಬಾಯಲ್ಲಿ ಬೆಳೆದದ್ದು, ಸರ್ವಜ್ಞನೂ ಅದನ್ನೇ ಹಿಡಿದ. ಮೂರೇ ಸಾಲು. ಸಾಂಗತ್ಯ ನಾಲ್ಕು ಸಾಲಿನದು, ಹಾಡುವಂಥದ್ದು, ರತ್ನಾಕರವರ್ಣಿಯ 'ಭರತೇಶ ವೈಭವ' ಅಂತ ಉದಾಹರಣೆ ಕೊಟ್ಟರೆ ಸಾಕು.

ವಚನ ಮತ್ತು ಕೀರ್ತನೆ ಎರಡರಲ್ಲೂ ಅಂಕಿತ, ಅಂದರೆ ಬರೆದವರ ಗುರುತಾಗಿ ಬರುವ ದೇವರ ಹೆಸರು ಇರುತ್ತದೆ, ಅದಕ್ಕೇ ನೀನು ಗೊಂದಲ ಮಾಡಿಕೊಂಡಿದ್ದೀಯ ಅನ್ನಿಸುತ್ತದೆ. ಬಸವಣ್ಣನ ಕೂಡಲಸಂಗಮದೇವ, ಅಕ್ಕನ ಚೆನ್ನಮಲ್ಲಿಕಾರ್ಜುನ, ಪುರಂದರದಾಸರ ಪುರಂದರ ವಿಠಲ. ಆದರೆ ಕೀರ್ತನೆಗೆ ಪಲ್ಲವಿ ಇದೆ, ಚರಣಗಳಿವೆ, ಪ್ರತಿ ಚರಣ ಮುಗಿದ ಮೇಲೆ ಪಲ್ಲವಿಗೆ ವಾಪಸ್ ಬರಬೇಕು. ಹಾಡಲೆಂದೇ ಕಟ್ಟಿದ್ದು. ವಚನ ಮಾತಿನ ಲಯದ್ದು. ಮಾತ್ರೆ ಎಣಿಸಲು ಹೋದರೆ ಸಿಗುವುದಿಲ್ಲ. ಎದುರಿಗೆ ಕೂತವರಿಗೆ, ದೇವರಿಗೆ, ತನಗೇ ಹೇಳಿಕೊಂಡ ಹಾಗೆ ಇರುತ್ತದೆ. ಈಗ ಕಛೇರಿಗಳಲ್ಲಿ ವಚನವನ್ನೂ ಹಾಡುತ್ತಾರೆ, ಚೆನ್ನಾಗಿಯೇ ಇರುತ್ತದೆ, ಆದರೆ ಪ್ರಕಾರ ಗುರುತಿಸುವಾಗ ರಾಗ ನೋಡಬೇಡ, ಕಟ್ಟಡ ನೋಡು.

ಭಾವಗೀತೆ ಹೊತ್ತಿಗೆ ಅಚ್ಚಿನ ಕಾಲ ಬಂತು. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' 1926ರದ್ದು, ಅಲ್ಲಿಂದ ಹೊಸ ಬಗೆಯ ಪದ್ಯಕ್ಕೆ ದಾರಿ ಆಯಿತು ಅಂತ ಎಲ್ಲರೂ ಬರೆಯುತ್ತಾರೆ, ನೀನೂ ಬರೆ. ಪುರಾಣದ ಕಥೆ ಬೇಡ, ರಾಜ ಬೇಡ, ಒಬ್ಬರ ಮನಸ್ಸಿನ ಒಂದು ಭಾವ ಸಾಕು. ಸುನೀತ ಅಂದರೆ 14 ಸಾಲು. ಎಂಟು ಆರು ಅಂತ ಒಂದು ರೀತಿ ಒಡೆಯುತ್ತಾರೆ, ನಾಲ್ಕು ನಾಲ್ಕು ನಾಲ್ಕು ಎರಡು ಅಂತ ಇನ್ನೊಂದು ರೀತಿ. ಮುಖ್ಯ ಏನೆಂದರೆ ಮಧ್ಯೆ ಎಲ್ಲೋ ಯೋಚನೆ ತಿರುಗಬೇಕು. ತಿರುವು ಇಲ್ಲದೆ ಬರೇ 14 ಸಾಲು ಎಣಿಸಿದರೆ ಪ್ರಯೋಜನ ಇಲ್ಲ. ಕಥೆ ಹೇಳುವ ಪದ್ಯ ಕಥನಕವನ. ತೀರಿಹೋದವರನ್ನು ನೆನೆದು ಬರೆದದ್ದು ಶೋಕಗೀತೆ. ಅದಕ್ಕೆ ದೂರದ ಉದಾಹರಣೆ ಹುಡುಕಬೇಡ, ಬೇಂದ್ರೆಯವರ 'ತಂಗಿ ಗೌರಮ್ಮ' ಓದು. ಅದು ನಮ್ಮ ಕೊಡಗಿನ ಕಥೆಗಾರ್ತಿ ಗೌರಮ್ಮನ ಮೇಲೆ ಬರೆದದ್ದು.

ಗೌರಮ್ಮ ಅಂದ ಮೇಲೆ ಸಣ್ಣಕಥೆಗೆ ಬರೋಣ. 1912ರಲ್ಲಿ ಹುಟ್ಟಿದವರು, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. 27 ವರ್ಷ, ಅಷ್ಟೇ. ಸುಂಟಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಕೂತು ವಿಧವೆಯರ ಬದುಕು, ವರದಕ್ಷಿಣೆ, ಹೆಣ್ಣಿನ ಸ್ವಂತ ಇಷ್ಟ ಇದನ್ನೆಲ್ಲ ಬರೆದರು. ಹೆಸರು ಹಾಕುತ್ತಿದ್ದದ್ದು ಶ್ರೀಮತಿ ಬಿ.ಟಿ.ಜಿ. ಕೃಷ್ಣ ಅಂತ. 'ಕಂಬನಿ', 'ಚಿಗುರು' ಎರಡು ಸಂಕಲನ. ಈ ಜಿಲ್ಲೆಯಲ್ಲಿ ಓದುವ ಮಕ್ಕಳು ಅವರ ಒಂದು ಕಥೆಯನ್ನೂ ಓದದೆ ಸಣ್ಣಕಥೆಯ ಲಕ್ಷಣ ಬರೆದು ಬರುತ್ತಾರಲ್ಲ, ನನಗೆ ನಿಜವಾಗಿ ಸಂಕಟ ಆಗುತ್ತದೆ.

ಅಜ್ಜಿ ಹೇಳುವ ಕಥೆ ಪ್ರತಿ ಸಲ ಬೇರೆ. ಮಗುವಿಗೆ ನಿದ್ದೆ ಬಂದರೆ ಚಿಕ್ಕದು, ಮಳೆ ಜೋರಿದ್ದರೆ ದೊಡ್ಡದು. ಸಣ್ಣಕಥೆ ಹಾಗಲ್ಲ. ಪತ್ರಿಕೆ, ಪುಸ್ತಕದ ಜೊತೆ ಬೆಳೆದದ್ದು. ಮಾಸ್ತಿಯವರ ಮೊದಲ ಸಂಕಲನ 1920ರದ್ದು. ಒಬ್ಬರೇ ಕೂತು, ಒಂದೇ ಸಲಕ್ಕೆ ಓದಿ ಮುಗಿಸುವಂಥದ್ದು. ಎಡ್ಗರ್ ಅಲನ್ ಪೋ ಅನ್ನುವ ಅಮೆರಿಕದ ಲೇಖಕ 1842ರಲ್ಲೇ ಹೇಳಿದ, ಒಂದೇ ಕೂರಿಕೆಯಲ್ಲಿ ಮುಗಿಯಬೇಕು, ಎಲ್ಲ ಸೇರಿ ಒಂದೇ ಪರಿಣಾಮ ಆಗಬೇಕು ಅಂತ. ಕಥಾವಸ್ತು, ಸಂವಿಧಾನ, ಪಾತ್ರ, ಸನ್ನಿವೇಶ, ಸಂಘರ್ಷ, ನಿರೂಪಣೆ, ಅಂತ್ಯ ಅಂತ ನಿನ್ನ ನೋಟ್ಸಿನಲ್ಲಿ ಇದ್ದೇ ಇರುತ್ತದೆ. ಪಟ್ಟಿಯನ್ನು ಪಕ್ಕಕ್ಕಿಡು. ಒಂದು ಕಥೆ ಕಟ್ಟೋಣ.

ಮಾರ್ಚ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಬಂದಿಲ್ಲ. ರೊಬಸ್ಟಾ ಕಾಫಿಯ ಮೊಗ್ಗು ನೀರಿಗೆ ಕಾದು ನಿಂತಿದೆ. ಅಣ್ಣ ತಮ್ಮ ಇಬ್ಬರಿಗೆ ಪಕ್ಕಪಕ್ಕದ ತೋಟ, ಮಧ್ಯೆ ಒಂದು ಕೆರೆ. ಆಸ್ತಿ ಪಾಲಾದ ಮೇಲೆ ಮಾತಿಲ್ಲ. ಅಣ್ಣನ ಮೋಟಾರು ಸುಟ್ಟುಹೋಗಿದೆ, ರಿಪೇರಿಗೆ ಕೊಟ್ಟದ್ದು ಬಂದಿಲ್ಲ. ಕೆರೆ ನೀರು ದಿನದಿನಕ್ಕೆ ಇಳಿಯುತ್ತಿದೆ. ಒಂದು ರಾತ್ರಿ ತಮ್ಮ ತನ್ನ ಸ್ಪ್ರಿಂಕ್ಲರ್ ಪೈಪನ್ನು ಬೇಲಿ ದಾಟಿಸಿ ಅಣ್ಣನ ತೋಟದಲ್ಲಿ ಜೆಟ್ ನಿಲ್ಲಿಸುತ್ತಾನೆ. ಹತ್ತು ದಿನದ ಒಳಗೆ ಎರಡೂ ತೋಟ ಹೂ ಬಿಟ್ಟು ಬೆಳ್ಳಗೆ. ಯಾರೂ ಏನೂ ಮಾತಾಡುವುದಿಲ್ಲ.

ಸನ್ನಿವೇಶ ಯಾವುದು? ಮಾರ್ಚಿನ ತೋಟ, ಇಳಿಯುವ ಕೆರೆ. ಇದನ್ನು ಬೇರೆ ಊರಿಗೆ, ಬೇರೆ ತಿಂಗಳಿಗೆ ಎತ್ತಿಡಲು ಆಗುತ್ತದಾ? ಆಗುವುದಿಲ್ಲ. ಹಾಗಾದರೆ ಸನ್ನಿವೇಶ ಗಟ್ಟಿ ಇದೆ. ಸಂಘರ್ಷ ಎರಡು. ಹೊರಗೆ ನೀರಿನದು, ಒಳಗೆ ತಮ್ಮನ ಮನಸ್ಸಿನದು, ಕೊಡಬೇಕಾ ಬೇಡವಾ ಅಂತ. ಏನು ನಡೆಯಿತು, ಯಾವುದು ಮೊದಲು, ಯಾವುದರಿಂದ ಯಾವುದು ಆಯಿತು ಅನ್ನುವುದು ಸಂವಿಧಾನ. ವಸ್ತು ಅಂದರೆ ನೀರಲ್ಲ, ಮಾತು ನಿಂತುಹೋದ ಮೇಲೂ ಉಳಿದ ರಕ್ತಸಂಬಂಧ. ಸಂವಿಧಾನ, ವಸ್ತು ಈ ಎರಡನ್ನು ತುಂಬ ಜನ ಅದಲುಬದಲು ಮಾಡುತ್ತಾರೆ.

ಈಗ ನಿರೂಪಣೆ, ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಅಂಶ. ಈ ಕಥೆಯನ್ನು ತಮ್ಮನೇ ಹೇಳಿದರೆ, ತನ್ನ ಒಳ್ಳೆತನ ತಾನೇ ಹೇಳಿಕೊಂಡ ಹಾಗಾಗಿ ಸಪ್ಪೆಯಾಗುತ್ತದೆ. ಅಣ್ಣ ಹೇಳಿದರೆ ಆ ರಾತ್ರಿ ಅವನಿಗೆ ಗೊತ್ತೇ ಇಲ್ಲ. ಬೆಳಿಗ್ಗೆ ಎಲೆ ಒದ್ದೆ ಇರುವುದನ್ನು ಮಾತ್ರ ನೋಡುತ್ತಾನೆ, ಓದುವವರು ಅವನ ಜೊತೆ ಹುಡುಕಬೇಕು. ಪೈಪ್ ಹೊತ್ತ ಆಳು ಹೇಳಿದರೆ? ಅವನಿಗೆ ಇಬ್ಬರ ಮನೆಯಲ್ಲೂ ಕೆಲಸ, ಯಾರಿಗೂ ಹೇಳಬೇಡ ಅಂತ ಮಾತು ತೆಗೆದುಕೊಂಡಿದ್ದಾರೆ, ಆದರೆ ನಮಗೆ ಹೇಳುತ್ತಿದ್ದಾನೆ. ಘಟನೆ ಒಂದೇ, ಮೂರು ಬೇರೆ ಕಥೆ. ನಾನಾದರೆ ಆಳಿನ ಬಾಯಲ್ಲೇ ಹೇಳಿಸುತ್ತೇನೆ. ನೀನು ಯಾರನ್ನು ಆರಿಸುತ್ತೀಯ, ಯಾಕೆ, ಯೋಚಿಸಿ ಹೇಳು.

ಅಂತ್ಯದ ಬಗ್ಗೆ ಒಂದು ಮಾತು. ಅಣ್ಣ ಓಡಿಬಂದು ತಮ್ಮನನ್ನು ಅಪ್ಪಿಕೊಂಡ ಅಂತ ಬರೆಯಬಹುದು. ಆದರೆ ಅಷ್ಟು ವರ್ಷ ಮಾತು ಬಿಟ್ಟವರು ಒಂದು ರಾತ್ರಿಗೆ ಬದಲಾಗುತ್ತಾರಾ? ಪಾತ್ರ ಒಪ್ಪದ ಅಂತ್ಯವನ್ನು ಕಥೆಯೂ ಒಪ್ಪುವುದಿಲ್ಲ. ಮೋಟಾರು ರಿಪೇರಿ ಆಗಿ ಬಂದ ದಿನ ಅಣ್ಣ ಕೆರೆಯಿಂದ ನೀರೆತ್ತದೆ ತಮ್ಮನ ಸರದಿ ಮುಗಿಯುವವರೆಗೆ ಕಾದ, ಅಂದರೆ ಸಾಕು.

ಉತ್ತರ ಬರೆಯುವಾಗ ಮೊದಲು ಉದಾಹರಣೆ ಬರೆ, ಆಮೇಲೆ ಲಕ್ಷಣ. ಭಾವ ಹೇಳಿದ ಗೈಡನ್ನು ಕೊನೆಯಲ್ಲಿ ಒಮ್ಮೆ ತಿರುವಿ ನೋಡು, ಹೆಸರು ಯಾವುದಾದರೂ ಬಿಟ್ಟುಹೋಗಿದೆಯಾ ಅಂತ. ಗೌರಮ್ಮನ ಕಥೆಗಳ ಪುಸ್ತಕ ನನ್ನ ಹತ್ತಿರ ಇದೆ. ಶುಕ್ರವಾರ ನಿನ್ನ ಚಿಕ್ಕಪ್ಪ ಮಡಿಕೇರಿ ಸಂತೆಗೆ ಬರುತ್ತಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಬಸ್‌ಸ್ಟ್ಯಾಂಡ್ ಹತ್ತಿರ ಬಂದು ತೆಗೆದುಕೋ. ಅಷ್ಟರೊಳಗೆ ಒಂದು ಭಾಮಿನಿ ಪದ್ಯ ಓದಿ ಇಲ್ಲಿಗೇ ವಾಯ್ಸ್ ಹಾಕು, ಮಾತ್ರೆ ಎಲ್ಲಿ ತಪ್ಪುತ್ತಿದೆ ಅಂತ ನಾನು ಕೇಳಿ ಹೇಳುತ್ತೇನೆ.