ಎಲ್‌ಪಿ, ಕ್ಯಾಸೆಟ್ ಮತ್ತು ಮೊಬೈಲಿನ ಹಾಡು ಮನೆಯ ಎಲ್ಲ ಕೋಣೆಗಳಲ್ಲೂ ಕೇಳಿಸಬೇಕು: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ

ಮಂಗಳೂರಿನ ನಮ್ಮ ಎರಡಂತಸ್ತಿನ ಮನೆಯ ಹಜಾರದಲ್ಲಿ ರೆಕಾರ್ಡ್ ಪ್ಲೇಯರ್ ಮತ್ತು ಕ್ಯಾಸೆಟ್ ಡೆಕ್ ಎರಡೂ ಸುಸ್ಥಿತಿಯಲ್ಲಿವೆ. ತಂದೆಯವರು ಕೂಡಿಟ್ಟಿರುವ ಹಿಂದೂಸ್ತಾನಿ ಎಲ್‌ಪಿಗಳು ಮತ್ತು ತಾಳಮದ್ದಳೆಯ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಇವು ಅಡುಗೆಮನೆಯಲ್ಲಿಯೂ ಮಹಡಿಯ ಕೋಣೆಯಲ್ಲಿಯೂ ಕೇಳಿಸಬೇಕು. ಮಕ್ಕಳು ಮೊಬೈಲಿನಿಂದ ಹಾಕುವ ಹಾಡುಗಳೂ ಅದೇ ಸ್ಪೀಕರ್‌ಗಳಲ್ಲಿ ಬರಬೇಕು. ಪ್ರತಿ ಸಲ ವೈರ್ ಬದಲಿಸುವಂತಿರಬಾರದು. ಬ್ಲೂಟೂತ್ ಟ್ರಾನ್ಸ್‌ಮಿಟರ್ ಜೋಡಿಸಿ ನೋಡಿದರೆ ಕಾಂಕ್ರೀಟ್ ತಾರಸಿ ದಾಟುವಷ್ಟರಲ್ಲಿ ಧ್ವನಿ ಕಡಿದು ಕಡಿದು ಬರುತ್ತದೆ. ಮನೆಯಲ್ಲಿ ಒಂದು ರಾಸ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇದೆ, ಅದರಲ್ಲಿ ನಡೆಯುವ ಲಿನಕ್ಸ್ ಅಲ್ಪಸ್ವಲ್ಪ ಗೊತ್ತು.

ಉತ್ತರ 1

ಅನಲಾಗ್ ಸಂಕೇತವನ್ನು ಕೋಣೆಯಿಂದ ಕೋಣೆಗೆ ಎಳೆಯುವ ಯೋಚನೆಯನ್ನೇ ಬಿಡಿ. ಪ್ಲೇಯರ್‌ನ ಪಕ್ಕದಲ್ಲೇ ಅದನ್ನು ಒಮ್ಮೆ ಡಿಜಿಟಲ್‌ಗೆ ಪರಿವರ್ತಿಸಿದರೆ, ಅಲ್ಲಿಂದ ಮುಂದೆ ಎಲ್‌ಪಿಗೂ ಮೊಬೈಲಿಗೂ ಭೇದವಿರುವುದಿಲ್ಲ. ರಾಸ್‌ಬೆರಿ ಪೈಗೆ ಧ್ವನಿಯನ್ನು ಒಳತೆಗೆದುಕೊಳ್ಳುವ ಅನಲಾಗ್ ಜ್ಯಾಕ್ ಇಲ್ಲದ ಕಾರಣ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ.

ರೆಕಾರ್ಡ್ ಪ್ಲೇಯರ್‌ನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೊಡುವುದು ಸುಮಾರು 3ರಿಂದ 5 ಮಿಲಿವೋಲ್ಟ್ ಮಾತ್ರ. ಅದನ್ನು ಹಿಗ್ಗಿಸುವುದಷ್ಟೇ ಅಲ್ಲ, ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಮಂದ್ರವನ್ನೂ ಏರಿಸಿದ ತಾರವನ್ನೂ ಆರ್‌ಐಎಎ ಎಂಬ ನಿಗದಿತ ರೇಖೆಯಂತೆ ಮರಳಿ ಸರಿದೂಗಿಸಬೇಕು. ಈ ಎರಡೂ ಕೆಲಸ ಫೋನೊ ಪ್ರೀಆಂಪ್‌ನದು. ಬೆಹ್ರಿಂಗರ್ ಯುಎಫ್ಒ202ನಂಥ ಕಾರ್ಡಿನಲ್ಲಿ ಅದು ಒಳಗೇ ಇದೆ. ಕೆಲವು ಪ್ಲೇಯರ್‌ಗಳಲ್ಲಿಯೂ ಇರುವುದರಿಂದ ಹಿಂಬದಿಯ ಫೋನೊ-ಲೈನ್ ಸ್ವಿಚ್ ನೋಡಿಕೊಳ್ಳಿ. ಎರಡು ಪ್ರೀಆಂಪ್ ಒಂದರ ಹಿಂದೊಂದು ಸೇರಿದರೆ ಧ್ವನಿ ಒಡೆದು ಕರ್ಕಶವಾಗುತ್ತದೆ. ಕ್ಯಾಸೆಟ್ ಡೆಕ್‌ಗೆ ಪ್ರೀಆಂಪ್ ಬೇಡ, ಅದರದ್ದು ನೇರ ಲೈನ್ ಔಟ್, ಅಂದರೆ ಆಗಲೇ ಸಾಕಷ್ಟು ಬಲವಾದ ಸಂಕೇತ. ಪ್ಲೇಯರ್‌ನ ಗ್ರೌಂಡ್ ತಂತಿಯನ್ನು ಸಿಕ್ಕಿಸಲು ಮರೆತರೆ 50 ಹರ್ಟ್ಸ್‌ನ ಗುಂಯ್ ಸದ್ದು ಮನೆಯಿಡೀ ಹರಡುತ್ತದೆ.

ಉತ್ತರ 2

ಪೈನಲ್ಲಿ ಸ್ನಾಪ್‌ಕಾಸ್ಟ್ ಹಾಕಿಕೊಳ್ಳಿ. ಒಂದೇ ಧ್ವನಿಯನ್ನು ಮನೆಯ ನೆಟ್‌ವರ್ಕ್ ಮೂಲಕ ಹಲವು ಸ್ಪೀಕರ್‌ಗಳಿಗೆ ಒಟ್ಟಿಗೆ ಕಳಿಸುವ ಉಚಿತ, ಮುಕ್ತ ತಂತ್ರಾಂಶ. ಧ್ವನಿ ಕಳಿಸುವ ಸರ್ವರ್ ಹಜಾರದಲ್ಲಿ, ಪ್ರತಿ ಕೋಣೆಯ ಸ್ಪೀಕರ್‌ಗೆ ಅದನ್ನು ಪಡೆದು ನುಡಿಸುವ ಒಂದು ಕ್ಲೈಂಟ್. ಅದಕ್ಕೆ ಹಳೆಯ ಆಂಡ್ರಾಯ್ಡ್ ಫೋನಾದರೂ ಸಾಕು. ಎಲ್ಲ ಕ್ಲೈಂಟ್‌ಗಳೂ ಸರ್ವರ್‌ನ ಗಡಿಯಾರಕ್ಕೆ ಹೊಂದಿಕೊಂಡು ನುಡಿಸುವುದರಿಂದ ಕೋಣೆಗಳ ನಡುವೆ ಪ್ರತಿಧ್ವನಿ ಕೇಳಿಸುವುದಿಲ್ಲ. ಲೈನ್-ಇನ್ (ಸೌಂಡ್ ಕಾರ್ಡಿಗೆ ಬರುವ ಧ್ವನಿ) ಒಂದು ಸ್ಟ್ರೀಮ್, ಸ್ಪಾಟಿಫೈ ಇನ್ನೊಂದು, ಏರ್‌ಪ್ಲೇ (ಐಫೋನಿನಿಂದ ಬರುವ ಹಾಡು) ಮತ್ತೊಂದು ಎಂದು ಸ್ನಾಪ್‌ಕಾಸ್ಟ್‌ನ ಸೆಟ್ಟಿಂಗ್ ಕಡತದಲ್ಲಿ ಬರೆದು, ಇವುಗಳ ಮೇಲೆ ಮೆಟಾ ಸ್ಟ್ರೀಮ್ (ಮೊದಲು ಹೆಸರಿಸಿದ್ದಕ್ಕೆ ಆದ್ಯತೆ ಕೊಡುವ ಕೂಡು ಸ್ಟ್ರೀಮ್) ಒಂದನ್ನು ರಚಿಸಿ ಲೈನ್-ಇನ್ ಹೆಸರನ್ನು ಮೊದಲು ಕೊಟ್ಟರೆ, ಸೂಜಿ ಇಳಿಸಿದ ಕೂಡಲೇ ಮನೆಯೆಲ್ಲ ಎಲ್‌ಪಿಗೆ ತಿರುಗುತ್ತದೆ, ಮುಗಿದ ಮೇಲೆ ಮೊಬೈಲಿನ ಹಾಡಿಗೆ ಮರಳುತ್ತದೆ.

ಆದರೆ ಇಲ್ಲಿ ಎರಡು ಮಿತಿಗಳನ್ನು ನಿಮ್ಮ ಕಿವಿಯಿಂದಲೇ ಹೊಂದಿಸಿಕೊಳ್ಳಬೇಕು. ಮೌನವೆಂದು ಪರಿಗಣಿಸುವ ಶೇಕಡಾ ಮಟ್ಟ ತೀರ ಕಡಿಮೆಯಾದರೆ ಟೇಪಿನ ಹಿಸ್ ಸದ್ದನ್ನೇ ಸಂಗೀತವೆಂದುಕೊಂಡು ಲೈನ್-ಇನ್ ಬಿಟ್ಟುಕೊಡುವುದೇ ಇಲ್ಲ. ಮೌನ ಎಷ್ಟು ಹೊತ್ತು ಇರಬೇಕೆಂಬ ಮಿತಿ ಚಿಕ್ಕದಾದರೆ ಅರ್ಥಧಾರಿ ಎದುರಾಳಿಯ ಮಾತಿಗೆ ಉತ್ತರ ಕೊಡುವ ಮುನ್ನ ನಿಲ್ಲಿಸಿದಾಗ ನಡುವೆ ಸಿನಿಮಾ ಹಾಡು ನುಗ್ಗುತ್ತದೆ. ತಾಳಮದ್ದಳೆಗೆ ಹತ್ತು ಸೆಕೆಂಡಿಗೂ ಹೆಚ್ಚು ಇಡಿ.

ಉತ್ತರ 3

ಲಿನಕ್ಸ್‌ನ ಗೋಜು ಬೇಡವೆನ್ನುವವರಿಗೆ ಸೋನೋಸ್ ಫೈವ್ ಸ್ಪೀಕರ್ ಅಥವಾ ಆಂಪ್ಲಿಫೈಯರ್‌ಗೆ ಜೋಡಿಸುವ ಬ್ಲೂಸೌಂಡ್ ನೋಡ್ ಪೆಟ್ಟಿಗೆ ಇವೆ. ಎರಡರಲ್ಲೂ ಇರುವ ಅನಲಾಗ್ ಇನ್‌ಪುಟ್‌ನ ಧ್ವನಿಯನ್ನು ಅದೇ ಕಂಪನಿಯ ಉಳಿದ ಸ್ಪೀಕರ್‌ಗಳಿಗೂ ಹಂಚಬಹುದು. ದುಬಾರಿ, ಮತ್ತು ಎಲ್ಲ ಕೋಣೆಗಳಿಗೂ ಅದೇ ಕಂಪನಿಯ ಸ್ಪೀಕರ್ ಕೊಳ್ಳಬೇಕು. ಪೈ ಇದ್ದೂ ಅದಕ್ಕೆ ಹಣ ಸುರಿಯುವುದು ನನ್ನ ಮಟ್ಟಿಗೆ ಅನಗತ್ಯ.

ಕ್ಯಾಸೆಟ್‌ಗಳ ವಿಷಯ ಬೇರೆ. ಕರಾವಳಿಯ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ. ಕಿಟಕಿಯ ಮುಂದೆ ಹಿಡಿದು ನೋಡದೆ ಡೆಕ್‌ಗೆ ಹಾಕಬೇಡಿ, ಒಂದರ ಬೂಷ್ಟು ಹೆಡ್ಡಿನ ಮೂಲಕ ಮುಂದಿನದಕ್ಕೂ ದಾಟುತ್ತದೆ. ಹೇಗೂ ಧ್ವನಿ ಡಿಜಿಟಲ್ ಆಗುತ್ತಿದೆಯಾದ್ದರಿಂದ ಮೊದಲ ಸಲ ನುಡಿಸುವಾಗಲೇ ಫ್ಲ್ಯಾಕ್ (ಗುಣಮಟ್ಟ ಕೆಡದಂತೆ ಸಂಕುಚಿಸುವ ರೂಪ) ಕಡತವಾಗಿ ಉಳಿಸಿಕೊಳ್ಳಿ. 16 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಗಂಟೆಯ ಸ್ಟೀರಿಯೊ ಧ್ವನಿ ಸಂಕುಚಿಸದೆ ಸುಮಾರು 690 ಎಂಬಿ, ಫ್ಲ್ಯಾಕ್‌ನಲ್ಲಿ ಸಾಕಷ್ಟು ಕಡಿಮೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸ್ನಾಪ್‌ಕಾಸ್ಟ್ ನಡೆಯುತ್ತಿದೆ. ಒಂದೇ ತೊಡಕು: ಹಜಾರದ ಆಂಪ್ಲಿಫೈಯರ್ ಪ್ಲೇಯರ್‌ಗೆ ನೇರವಾಗಿ ಜೋಡಿಸಿರುವುದರಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಅದೇ ಆಲಾಪ ಎರಡು ಸಲ ಕೇಳುತ್ತದೆ.

ಉತ್ತರ 2 ಬರೆದವರು

ಸ್ನಾಪ್‌ಕಾಸ್ಟ್ ಮೊದಲಿಗೇ 1000 ಮಿಲಿಸೆಕೆಂಡ್ ಬಫರ್ ಇಟ್ಟುಕೊಳ್ಳುತ್ತದೆ, ಅಂದರೆ ಅಷ್ಟು ಹೊತ್ತಿನ ಧ್ವನಿಯನ್ನು ಕೂಡಿಟ್ಟುಕೊಂಡು ತಡವಾಗಿ ನುಡಿಸುತ್ತದೆ, ನೀವು ಕೇಳುತ್ತಿರುವುದು ಆ ಒಂದು ಸೆಕೆಂಡಿನ ಅಂತರ. ಬಫರ್ ತಗ್ಗಿಸಬಹುದು, ಆದರೆ ಮಹಡಿಯ ವೈಫೈ ದುರ್ಬಲವಾಗಿದ್ದರೆ ಧ್ವನಿ ಮತ್ತೆ ಕಡಿಯುತ್ತದೆ. ಹಜಾರದ ಆಂಪ್ಲಿಫೈಯರನ್ನು ಪ್ಲೇಯರ್‌ನಿಂದ ಬಿಡಿಸಿ, ಆ ಪೈನಲ್ಲೇ ಇನ್ನೊಂದು ಕ್ಲೈಂಟ್ ನಡೆಸಿ, ಅದೇ ಕಾರ್ಡಿನ ಔಟ್‌ಪುಟ್‌ಗೆ ಜೋಡಿಸಿ. ಎಲ್ಲ ಕೋಣೆಗಳೂ ಒಟ್ಟಿಗೆ ತಡವಾಗುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಸರ್ವರ್ ಪೈ ಅನ್ನು ರೌಟರ್‌ಗೆ ಕೇಬಲ್ಲಿನಲ್ಲೇ ಜೋಡಿಸಿ. ಹಜಾರದ ಸ್ಪೀಕರ್ ಮತ್ತು ಪ್ಲೇಯರ್ ಒಂದೇ ಮೇಜಿನ ಮೇಲಿದ್ದರೆ ಬೇರ್ಪಡಿಸಿ, ಏಕೆಂದರೆ ಸ್ಪೀಕರ್‌ನ ಕಂಪನ ಸೂಜಿಗೆ ತಾಗಿದರೆ ಅದು ಒಂದು ಸೆಕೆಂಡ್ ತಡವಾಗಿ ಮತ್ತೆ ಎಲ್ಲ ಕೋಣೆಗಳಿಗೂ ಹೋಗುತ್ತದೆ.