ಈ ವಾರದ ಸಮಸ್ಯೆ: ಹತ್ತು ಹೋಯಿತು ಹತ್ತು ಬಂದಿತು ಹತ್ತು ಕಡಿಮೆಯಿದೆ

ಗೆಳೆಯರೇ, ಇದು ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಆರನೆಯ ಸಾಲು. ಮೇಲಿನ ಐದನ್ನು ನೀವು ಬರೆದು ತುಂಬಬೇಕು. ಆದಿಪ್ರಾಸ 'ತ್ತ', ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ 'ತ್ತ' ಒತ್ತಕ್ಷರ ಬರಬೇಕು.

ಸಾಲು ಹುಟ್ಟಿದ್ದು ಬೈಬಲಿನ ಯೋಬನ ಕತೆಯಿಂದ. ಅವನಿಗೆ 7 ಗಂಡು, 3 ಹೆಣ್ಣು ಮಕ್ಕಳು. ದೇವರ ಮುಂದೆ ಸೈತಾನ ಸವಾಲು ಹಾಕುತ್ತಾನೆ, ಯೋಬನ ಆಸ್ತಿ ಮಕ್ಕಳು ಎಲ್ಲಾ ಹೋಗುತ್ತವೆ. ಕೊನೆಗೆ ದೇವರು ಎರಡರಷ್ಟು ಕೊಡುತ್ತಾನೆ. 7000 ಕುರಿ ಇದ್ದಲ್ಲಿ 14000, 3000 ಒಂಟೆ ಇದ್ದಲ್ಲಿ 6000. ಮಕ್ಕಳು ಮಾತ್ರ ಮತ್ತೆ 7 ಮತ್ತು 3. ಹಾಗಾದರೆ ಸತ್ತವರು? ಅವರ ತಾಯಿಗೆ ಅಲ್ಲಿ ಹೆಸರೂ ಇಲ್ಲ.

ಆರ್ಚಿಬಾಲ್ಡ್ ಮ್ಯಾಕ್ಲೀಷ್ 1958ರಲ್ಲಿ ಈ ಕತೆಯನ್ನು 'ಜೆ.ಬಿ.' ಎಂಬ ಪದ್ಯನಾಟಕ ಮಾಡಿದಾಗ ಆಕೆಗೆ ಸಾರಾ ಎಂದು ಹೆಸರಿಟ್ಟರು. ಅಲ್ಲಿ ಯೋಬ ಅಮೆರಿಕದ ಬ್ಯಾಂಕರ್, ಮಕ್ಕಳು 5. ಸರ್ಕಸ್ ಡೇರೆಯಲ್ಲಿ ಬಲೂನು, ಪಾಪ್‌ಕಾರ್ನ್ ಮಾರುವ ಇಬ್ಬರು ಹಳೇ ನಟರು ದೇವರ ಮತ್ತು ಸೈತಾನನ ಮುಖವಾಡ ಹಾಕುತ್ತಾರೆ. ಕೊನೆಗೆ ಜೆ.ಬಿ. ಹತ್ತಿರ ವಾಪಸ್ ಬರುವವಳು ಸಾರಾ ಒಬ್ಬಳೇ. ಆಕೆಯ ಬಾಯಲ್ಲಿ ಬರೆದರೆ ನನಗೆ ಜಾಸ್ತಿ ಖುಷಿ.

ಜಯನಗರದ ಅಕ್ಕ:

ಎತ್ತು ಕುರಿಗಳು ಕತ್ತೆ ಒಂಟೆಯು
ಸುತ್ತ ಇಮ್ಮಡಿ ತುಂಬಿ ನಿಂತುವು
ಹೆತ್ತೆ ಮಕ್ಕಳ ಮತ್ತೆ ನಾನೂ ಮೊದಲಿನಷ್ಟೆ ಜನ
ತುತ್ತು ಕಲಸುವ ಬೆರಳು ಎಣಿಪುದು
ಅತ್ತು ಕರೆಯುವೆ ಹಳೆಯ ಹೆಸರನು
ಹತ್ತು ಹೋಯಿತು ಹತ್ತು ಬಂದಿತು ಹತ್ತು ಕಡಿಮೆಯಿದೆ

— ಅಕ್ಕಾ, ಆ ನಾಲ್ಕನೆಯ ಸಾಲು! ಕೈತುತ್ತು ಹಾಕುವಾಗ ಮಕ್ಕಳನ್ನು ಎಣಿಸದ ತಾಯಿ ಇದ್ದಾಳಾ? ದನಕುರಿಯ ಲೆಕ್ಕವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಉಳಿದದ್ದೆಲ್ಲ ಅವಳದು.

ರಾಜಾಜಿನಗರದಿಂದ: ಪದ್ಯನಾಟಕ ಅಂದಮೇಲೆ ಪ್ರಾಸವಿಲ್ಲದ ಸರಳ ರಗಳೆ ಅಲ್ವಾ ಸಾರ್? ಪ್ರಾಸ ಯಾಕೆ?

— ನಾಟಕಕ್ಕೆ ಸರಳ ರಗಳೆಯೇ ಸರಿ. ಅಲ್ಲಿ ಮಾತು ಸಾಲು ದಾಟಿ ಹರಿಯಬೇಕು. ಸಮಸ್ಯೆಯಲ್ಲಿ ಕೊನೆ ಎಲ್ಲರಿಗೂ ಗೊತ್ತು. ಅಲ್ಲಿಗೆ ಹೊಸ ದಾರಿ ಹುಡುಕುವಂತೆ ಮಾಡುವುದು ಪ್ರಾಸವೇ.

ಮಲ್ಲೇಶ್ವರದಿಂದ: ಯೋಬನನ್ನು ಬಿಟ್ಟು ನಮ್ಮ ರಸ್ತೆಗೆ ಬಂದಿದ್ದೇನೆ.

ಕತ್ತರಿಸಿದರು ಸಾಲು ಮರಗಳ
ಹೊತ್ತು ತಂದರು ಹತ್ತು ಸಸಿಗಳ
ಸುತ್ತ ಬೇಲಿಯ ಕಟ್ಟಿ ನೀರನು ಹನಿಸಿ ಹೊರಟರಲಾ
ನೆತ್ತಿ ಸುಡುವುದು ಬಿಸಿಲಿಗಿಳಿದರೆ
ಗೊತ್ತೆ ನಿಮಗೀ ನೆರಳ ಲೆಕ್ಕವು
ಹತ್ತು ಹೋಯಿತು ಹತ್ತು ಬಂದಿತು ಹತ್ತು ಕಡಿಮೆಯಿದೆ

— ಧಾರಾಳವಾಗಿ ಬನ್ನಿ. ಕೊಟ್ಟವರ ಕತೆಯಲ್ಲೇ ತುಂಬಬೇಕೆಂಬ ನಿಯಮವಿಲ್ಲ.

ಬಸವನಗುಡಿಯ ಮೇಷ್ಟ್ರು: ರಾಘವಾಂಕನ ಹರಿಶ್ಚಂದ್ರನನ್ನು ನೆನೆಯಿರಿ. ಅಲ್ಲೂ ಇಂದ್ರನ ಸಭೆಯಲ್ಲಿ ಪಂತ, ಅಲ್ಲೂ ರಾಜ್ಯ ಹೋಗಿ ಮಗ ಸಾಯುತ್ತಾನೆ. ಆದರೆ ಹಾವು ಕಚ್ಚಿ ಸತ್ತ ಲೋಹಿತಾಶ್ವ ತಾನೇ ಎದ್ದು ಬರುತ್ತಾನೆ. ಅವನ ಬದಲಿಗೆ ಇನ್ನೊಬ್ಬ ಮಗನಲ್ಲ.

ಸತ್ತ ಲೋಹಿತನೆದ್ದು ಬಂದನು
ಎತ್ತಿಕೊಂಡಳು ತಾಯಿ ಮಡಿಲಿಗೆ
ಇತ್ತ ಸಾರಾ ಹುಡುಕುತಿರುವಳು ತನ್ನ ಮೊದಲವರ
ಹತ್ತು ಹೊಸಬರು ನಗುತಲಿರುವರು
ಹೊತ್ತ ಬಸಿರದು ಮರೆಯಲಾರದು
ಹತ್ತು ಹೋಯಿತು ಹತ್ತು ಬಂದಿತು ಹತ್ತು ಕಡಿಮೆಯಿದೆ

— ಮೇಷ್ಟ್ರೇ, ನಮಸ್ಕಾರ. ಎರಡು ಕತೆಗಳನ್ನು ಸುಮ್ನೆ ಹೋಲಿಸುವವರು ಬಹಳ. ಚಂದ್ರಮತಿಗೆ ಸಿಕ್ಕಿದ್ದು ಸಾರಾಳಿಗೆ ಯಾಕೆ ಸಿಗಲಿಲ್ಲ ಎಂದು ತೋರಿಸಿದವರು ನೀವು.

ಯೋಬನ ಗೆಳೆಯರು ಎಲೀಫಜ, ಬಿಲ್ದದ, ಚೋಫರ ಇನ್ನೂ ಬಾಕಿ ಇದ್ದಾರೆ. ಸಮಾಧಾನ ಹೇಳಲು ಬಂದು ಅವನದೇ ತಪ್ಪು ಎಂದು ವಾದಿಸಿದವರು. ಅವರ ಬಾಯಲ್ಲಿ ಈ ಸಾಲು ಹೇಗೆ ಬರುತ್ತದೆ? ಭಾನುವಾರದವರೆಗೆ ಸಮಯವಿದೆ, ಬರೆಯಿರಿ.